ಎಕ್ಸೆಲ್ ಚೌಕದಲ್ಲಿ ಚಿತ್ತಾರ ಕಲಿಸಿದ್ದು

ನಾನು ಸಾಗರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ನಮ್ಮಲ್ಲಿ ಬರುವ ಮಕ್ಕಳಲ್ಲಿ ದೀವರು ಸಮುದಾಯದ ಮನೆಯವರು ಜಾಸ್ತಿ. ಮದುವೆ ಮನೆಯ ಗೋಡೆ ಮೇಲಿನ ಹಸೆ ಚಿತ್ತಾರ, ಭೂಮಿ ಹುಣ್ಣಿಮೆಗೆ ಬರೆಯುವ ಭೂಮಣ್ಣಿ ಬುಟ್ಟಿ, ಇವನ್ನೆಲ್ಲ ಹುಟ್ಟಿದಾಗಿನಿಂದ ನೋಡಿದವರು. ಆದರೆ ಹಾಳೆ ಕೊಟ್ಟು "ಬರೀರಿ" ಅಂದರೆ ಕೈ ಹಿಂದೆ ಸರಿಯುತ್ತಿತ್ತು. ಎಡಗಡೆ ಬರೆದದ್ದು ಬಲಗಡೆಗೆ ಕೂಡುತ್ತಿರಲಿಲ್ಲ. ರಬ್ಬರ್ ಹಾಕಿ ಉಜ್ಜಿ ಉಜ್ಜಿ ಹಾಳೆಯೇ ಹರಿಯುತ್ತಿತ್ತು. "ನಂಗೆ ಬರಲ್ಲ ಸಾರ್" ಅಂತ ಎಷ್ಟು ಮಕ್ಕಳು ಹೇಳಿದ್ದಾರೋ. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತಿತ್ತು.

ದಾರಿ ಹೊಳೆದದ್ದು ಅಂಕಪಟ್ಟಿ ತುಂಬುವಾಗ. ಎಕ್ಸೆಲ್ ಹಾಳೆಯನ್ನು ನೋಡುತ್ತಾ ನೋಡುತ್ತಾ ಇದು ಗಣಿತದ ಚೌಕುಳಿ ಪುಸ್ತಕವೇ ಅಲ್ವಾ ಅನ್ನಿಸಿತು. ಜಪಾನಿನ ತತ್ಸುವೊ ಹೊರಿಯುಚಿ ಅನ್ನುವವರು ನಿವೃತ್ತರಾದ ಮೇಲೆ ಎಕ್ಸೆಲ್‌ನಲ್ಲೇ ಬೆಟ್ಟ, ಮರ, ಹೂವು ಬರೆದು ಹೆಸರು ಮಾಡಿದರು. ಅವರ ಚಿತ್ರಗಳನ್ನು ಮಕ್ಕಳಿಗೆ ತೋರಿಸಿದೆ, ಬೆರಗಾದರು. ಆದರೆ ಅವರು ಬಳಸುವುದು ಅದರಲ್ಲಿರುವ ಗೆರೆ ಎಳೆಯುವ ಸಲಕರಣೆಯನ್ನು. ನನಗೆ ಬೇಕಿದ್ದದ್ದು ಚೌಕ, ಎಣಿಕೆ.

ಮೊದಲು ಚೌಕವನ್ನು ಸರಿಯಾದ ಚೌಕ ಮಾಡಬೇಕು. ಎಕ್ಸೆಲ್‌ನಲ್ಲಿ ಸಾಲಿನ ಎತ್ತರಕ್ಕೆ ಒಂದು ಅಳತೆ, ಕಾಲಮ್ಮಿನ ಅಗಲಕ್ಕೆ ಇನ್ನೊಂದು. ನಮ್ಮ ಕಂಪ್ಯೂಟರುಗಳಲ್ಲಿ ಎತ್ತರ 15 ಇದ್ದರೆ ಅಗಲ 2.14 ಇಟ್ಟಾಗ ಎರಡೂ 20 ಪಿಕ್ಸೆಲ್ ಆಗಿ ಚೌಕ ಕೂರುತ್ತದೆ. ಎ ಇಂದ ಯು ತನಕ 21 ಕಾಲಮ್, ಕೆಳಗೆ 21 ಸಾಲು. ಪೂರ್ತಿ ಕೆಮ್ಮಣ್ಣಿನ ಬಣ್ಣ ತುಂಬಿಸಿದೆವು. ಆಮೇಲೆ ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ, ಅಂದರೆ ಚೌಕದಲ್ಲಿರುವ ಅಂಕಿ ನೋಡಿ ಬಣ್ಣ ತುಂಬುವ ಸೌಲಭ್ಯದಲ್ಲಿ, 1 ಅಂದರೆ ಬಿಳಿ, 2 ಅಂದರೆ ಕಪ್ಪು, 3 ಅಂದರೆ ಹಳದಿ ಅಂತ ಇಟ್ಟೆವು. ಅಜ್ಜಿಯರು ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಹುರಿದು ಕರಕಲು ಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ ಬಳಸುತ್ತಾರೆ. ಆ ನಾಲ್ಕೇ ಬಣ್ಣ ಸಾಕು ಅಂತ ಹಟ ಹಿಡಿದೆ. ಕಂಪ್ಯೂಟರಿನಲ್ಲಿ ಬಣ್ಣ ಜಾಸ್ತಿ ಇದೆ ಅಂತ ಜಾಸ್ತಿ ಬಳಸಿದರೆ ಚಿತ್ತಾರ ಚಿತ್ತಾರವಾಗಿ ಉಳಿಯುವುದಿಲ್ಲ.

ನಿಜವಾದ ಪಾಠ ಶುರುವಾದದ್ದು ಕನ್ನಡಿ ಮಾಡುವಾಗ, ಅಂದರೆ ಎಡಗಡೆ ತುಂಬಿದ್ದು ಬಲಗಡೆ ತಾನಾಗೇ ತಿರುಗಿ ಬರುವಂತೆ ಮಾಡುವಾಗ. ನಡುವಿನ ಕಾಲಮ್ ಕೆ. ಅದರ ಬಲಕ್ಕಿರುವ ಎಲ್1ರಲ್ಲಿ =ಜೆ1 (ಜೆ1ರಲ್ಲಿದ್ದದ್ದನ್ನೇ ಇಲ್ಲಿ ತೋರಿಸು ಅನ್ನುವ ಸೂತ್ರ) ಅಂತ ಬರೆದು, ನಾನು ಅವಸರದಲ್ಲಿ ಅದನ್ನೇ ಹಿಡಿದು ಬಲಕ್ಕೆ ಎಳೆದುಬಿಟ್ಟೆ. ಕನ್ನಡಿ ಬರಲಿಲ್ಲ. ಜೆ ಮತ್ತು ಕೆ ಕಾಲಮ್ಮುಗಳೇ ಒಂದಾದ ಮೇಲೊಂದು ಮತ್ತೆ ಮತ್ತೆ ಬಂದವು. ಯಾಕೆ ಹೀಗೆ ಅಂತ ಎಲ್ಲರೂ ಕೂತು ನೋಡಿದೆವು. ಬಲಕ್ಕೆ ಎಳೆದಾಗ ಸೂತ್ರವೂ ಬಲಕ್ಕೇ ನಡೆಯುತ್ತದೆ, ಎಲ್ ಜೆಯನ್ನು ನೋಡಿದರೆ ಎಂ ಕೆಯನ್ನು ನೋಡುತ್ತದೆ. ಕನ್ನಡಿಯಲ್ಲಿ ಹಾಗಲ್ಲ, ನಾವು ಬಲಕ್ಕೆ ಹೋದಷ್ಟೂ ಅದು ಎಡಕ್ಕೆ ಹೋಗಬೇಕು. ಎಲ್‌ಗೆ ಜೆ, ಎಂಗೆ ಐ, ಎನ್‌ಗೆ ಎಚ್, ಹೀಗೆ ಕೊನೆಗೆ ಯುಗೆ ಎ. ಒಂದು ಸಾಲು ಮಕ್ಕಳ ಕೈಯಿಂದಲೇ ಬರೆಸಿ ಕೆಳಕ್ಕೆ ಎಳೆಸಿದೆ. ಮೇಲಿನದು ಕೆಳಗೂ ಬರಲಿ ಅಂತ ಹಾಗೇ 12ನೇ ಸಾಲಿಗೆ 10, 13ಕ್ಕೆ 9. ತಪ್ಪಿನಿಂದ ಬಂದ ಆ ಪಟ್ಟೆಯನ್ನು ನಾವು ಬಿಸಾಡಲಿಲ್ಲ. ಚಿತ್ತಾರದ ಸುತ್ತ ಬರುವ ಅಂಚು ಅದೇ ಅಲ್ವಾ? ಒಂದೇ ದಿನ ಕನ್ನಡಿಯನ್ನೂ ಅಂಚನ್ನೂ ಕಲಿತರು.

ಬರೆಯದ ಜಾಗದಲ್ಲಿ ಸೂತ್ರ 0 ತೋರಿಸುತ್ತದೆ, ನೋಡಲು ಅಸಹ್ಯ. ಸೆಲ್ ಫಾರ್ಮ್ಯಾಟಿನ ಕಸ್ಟಮ್‌ನಲ್ಲಿ ಮೂರು ಸೆಮಿಕೋಲನ್ ಹಾಕಿದರೆ ಅಂಕಿಗಳೆಲ್ಲ ಮರೆಯಾಗಿ ಬಣ್ಣ ಮಾತ್ರ ಉಳಿಯುತ್ತದೆ.

ಈಗ ಮಕ್ಕಳು ತುಂಬಬೇಕಾದದ್ದು ಎಡಗಡೆ ಮೇಲಿನ 11 ಕಾಲಮ್, 11 ಸಾಲು, ಅಂದರೆ 441ರಲ್ಲಿ 121 ಚೌಕ ಮಾತ್ರ. ಹಿಂದಿನ ಬೆಂಚಿನ ಒಬ್ಬ ಹುಡುಗ, ವರ್ಷವಿಡೀ ಪೆನ್ಸಿಲ್ ಹಿಡಿಯದವನು, ಎ1ರಲ್ಲಿ 3 ಒತ್ತಿ ಎಂಟರ್ ಹೊಡೆದ. ನಾಲ್ಕೂ ಮೂಲೆಯಲ್ಲಿ ಹಳದಿ ಬಂತು. ಅವನು ಕೈ ತೆಗೆದು ಹಿಂದಕ್ಕೆ ಸರಿದು ಕೂತ. ಸ್ವಲ್ಪ ಹೊತ್ತು ಸುಮ್ನೆ ನೋಡಿದ. ಆಮೇಲೆ ಅಳಿಸಿ 1 ಹಾಕಿದ, ಪಕ್ಕದಲ್ಲಿ 2 ಹಾಕಿದ. ಆ ಪೀರಿಯಡ್ ಮುಗಿಯುವ ತನಕ ಏಳಲೇ ಇಲ್ಲ. ಹಾಳೆ ಹರಿಯುವ ಭಯ ಇಲ್ಲದಿದ್ದರೆ ಮಗು ಹತ್ತು ಸಲ ಬದಲಾಯಿಸುತ್ತದೆ, ಹತ್ತು ಸಲ ನೋಡುತ್ತದೆ. ನನಗೆ ಬೇಕಿದ್ದದ್ದೂ ಆ ನೋಡುವುದೇ.

ಒಬ್ಬಳು 20 ಕಾಲಮ್ ಇಟ್ಟುಕೊಂಡು ನಡುವಿನ ಗೆರೆ ಯಾಕೆ ದಪ್ಪ ಬಂತು ಅಂತ ಕೇಳಿದಳು. ಉತ್ತರ ಕೊಟ್ಟದ್ದು ರಂಗೋಲಿ ಬಲ್ಲ ಇನ್ನೊಬ್ಬಳು: "9 ಚುಕ್ಕಿ ಇಟ್ರೆ ನಡುವೆ ಚುಕ್ಕಿ ಸಿಗುತ್ತೆ, 8 ಇಟ್ರೆ ಸಂದು ಸಿಗುತ್ತೆ ಕಣೇ."

ಮಣ್ಣಿನ ಬಣ್ಣಕ್ಕೆ ಇನ್ನೊಂದು ಹಾಳೆ ಮಾಡಿದೆವು. ಪ್ರತಿಯೊಬ್ಬರೂ ಮನೆ ಹತ್ತಿರದ ಕೆಮ್ಮಣ್ಣನ್ನು ಪೊಟ್ಟಣ ಕಟ್ಟಿ ತಂದರು. ಪರದೆಯ ಪಕ್ಕ ಹಿಡಿದು ಕೆಂಪು, ಹಸಿರು, ನೀಲಿ ಈ ಮೂರು ಅಂಕಿಗಳನ್ನು 0 ಇಂದ 255ರ ಒಳಗೆ ಹೊಂದಿಸುತ್ತಾ ಹೋದರು. ಒಬ್ಬನ ಮಣ್ಣು ಒಣಗಿದಾಗ 168, 84, 58. ನೀರು ಬಿಟ್ಟ ಮೇಲೆ 112, 48, 32. ಒದ್ದೆಯಾದರೆ ಬಣ್ಣ ಗಾಢವಾಗುತ್ತದೆ ಅಂತ ನಾನು ಬಾಯಲ್ಲಿ ಹೇಳಿದ್ದಕ್ಕಿಂತ ಆ ಮೂರು ಅಂಕಿ ಇಳಿದದ್ದು ಅವರಿಗೆ ಚೆನ್ನಾಗಿ ಅರ್ಥವಾಯಿತು. ಒಂದು ಎಚ್ಚರಿಕೆ: ಒಂದೇ ಅಂಕಿ ಎರಡು ಮಾನಿಟರಿನಲ್ಲಿ ಎರಡು ಥರ ಕಾಣುತ್ತದೆ. ಹೋಲಿಸುವುದಾದರೆ ಒಂದೇ ಕಂಪ್ಯೂಟರಿನಲ್ಲಿ ಹೋಲಿಸಿ.

ಕಂಪ್ಯೂಟರ್ ಆರೇ ಇದ್ದದ್ದು, ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ಹಾಗಾಗಿ ಮೊದಲು ಚೌಕುಳಿ ಪುಸ್ತಕದಲ್ಲಿ ಅಂಕಿ ಬರೆದುಕೊಂಡು ಬರಬೇಕು ಅಂತ ಮಾಡಿದೆ. ಅದೇ ಒಳ್ಳೆಯದಾಯಿತು.

ಕೊನೆಯ ವಾರ ಒಬ್ಬ ಹುಡುಗಿಯ ಅಜ್ಜಿಯನ್ನು ಕರೆಸಿದೆವು. ಹಸೆ ಬರೆಯುವುದರಲ್ಲಿ ಪಳಗಿದ ಕೈ. ಪರದೆಯನ್ನು ಹತ್ತಿರದಿಂದ ನೋಡಿ, ಬೆರಳಿಟ್ಟು ಎಣಿಸಿ, "ಲೆಕ್ಕ ಸರಿ ಇದೆ ಮೇಷ್ಟ್ರೇ. ಆದ್ರೆ ಎಳೆ ಎಲ್ಲ ಮೆಟ್ಲು ಮೆಟ್ಲು ಆಗಿದ್ಯಲ್ಲ. ಗೋಡೆ ಮೇಲೆ ಎಳೆ ಓಡ್ಬೇಕು" ಅಂದರು. ಅವರು ಹೇಳಿದ್ದು ನಿಜ. ಓರೆ ಗೆರೆ ಚೌಕದಲ್ಲಿ ಬರುವುದಿಲ್ಲ. ಅವತ್ತು ಕಂಪ್ಯೂಟರ್ ಆರಿಸಿ, ಕೆಮ್ಮಣ್ಣು ಬಳಿದ ರಟ್ಟುಗಳನ್ನು ವರಾಂಡದಲ್ಲಿ ಹರಡಿದೆವು. ಅಜ್ಜಿ ಪುಂಡಿ ನಾರಿನ ಕುಂಚವನ್ನು ಅಕ್ಕಿ ಹಿಟ್ಟಿನಲ್ಲಿ ಅದ್ದಿ ಮೊಮ್ಮಗಳ ಕೈಗೆ ಕೊಟ್ಟರು. ಅವಳು ರಟ್ಟಿನ ಅಂಚಿನಲ್ಲಿ 21 ಗುರುತು ಹಾಕಿ, ಹನ್ನೊಂದನೆಯದನ್ನು ಇನ್ನೊಮ್ಮೆ ಎಣಿಸಿ ನೋಡಿ, ಅಲ್ಲಿಂದ ಮೊದಲ ಎಳೆ ಎಳೆದಳು.