ಪ್ರೋಟಿಯೋಮಿಕ್ಸ್ ಸಮ್ಮೇಳನಕ್ಕೆ ವಾರ್ಡಿನ ಡಾಕ್ಟರನ್ನು ಕರೆತಂದದ್ದು

ಮೀಟಿಂಗಿಗೆ ಹತ್ತು ನಿಮಿಷ ತಡವಾಗಿ ಹೋದೆ. ಅಷ್ಟರಲ್ಲಿ ಆರ್ಗನೈಸಿಂಗ್ ಸೆಕ್ರೆಟರಿ ಅಂತ ನನ್ನ ಹೆಸರು ಬರೆದಾಗಿತ್ತು. ಶಿವಮೊಗ್ಗದ ಒಂದು ಮೆಡಿಕಲ್ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುವವಳು ನಾನು. ಎರಡು ದಿನದ ಸಮ್ಮೇಳನ. ವಿಷಯ ಪ್ರೋಟಿಯೋಮಿಕ್ಸ್, ಅಂದರೆ ಸಾವಿರಾರು ಪ್ರೋಟೀನುಗಳನ್ನು ಒಟ್ಟಿಗೆ ಅಧ್ಯಯನ ಮಾಡುವ ವಿಜ್ಞಾನ, ಮತ್ತು ವೈದ್ಯಕೀಯದಲ್ಲಿ ಅದರ ಬಳಕೆ. ಆದರೆ ಅದಕ್ಕೆ ಬೇಕಾದ ಮಾಸ್ ಸ್ಪೆಕ್ಟ್ರೋಮೀಟರ್ ನಮ್ಮಲ್ಲಿ ಇಲ್ಲ, ಅದು ಪ್ರೋಟೀನುಗಳನ್ನು ತೂಗಿ ಗುರುತಿಸುವ, ಕೋಟಿಗಟ್ಟಲೆ ಬೆಲೆಯ ಯಂತ್ರ. ‘ಮದುಮಗನೇ ಇಲ್ಲದೆ ಛತ್ರ ಬುಕ್ ಮಾಡ್ತಿದ್ದೀರಿ ಮೇಡಂ’ ಅಂತ ಸಹೋದ್ಯೋಗಿಯೊಬ್ಬರು ನಕ್ಕರು.

ಮೊದಲು ಬರೆದ ಕಾರ್ಯಕ್ರಮ ಪಟ್ಟಿ ಎಲ್ಲರದ್ದರ ಹಾಗೇ ಇತ್ತು. ದೀಪ ಬೆಳಗುವುದು, ಶಾಲು, ಹಾರ, ಆಮೇಲೆ ಸಾಲಾಗಿ ಹದಿನಾಲ್ಕು ಭಾಷಣ. ಅದನ್ನು ಮೆಡಿಸಿನ್ ವಿಭಾಗದ ಹಿರಿಯ ಡಾಕ್ಟರೊಬ್ಬರಿಗೆ ಕ್ಯಾಂಟೀನಿನಲ್ಲಿ ತೋರಿಸಿದೆ. ಅವರು ಚಹಾ ಬದಿಗಿಟ್ಟು ಪೂರ್ತಿ ಓದಿದರು. ‘ಅಲ್ಲಮ್ಮಾ, ಇದರಲ್ಲಿ ನನ್ನ ಪೇಷೆಂಟ್ ಎಲ್ಲಿದ್ದಾನೆ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮನೆಗೆ ಬಂದು ಪಟ್ಟಿ ಹರಿದುಹಾಕಿದೆ. ಹೊಸದಾಗಿ ಒಂದೇ ನಿಯಮ ಮಾಡಿಕೊಂಡೆ. ಪ್ರತಿ ಗೋಷ್ಠಿಯ ಮೊದಲ ಹತ್ತು ನಿಮಿಷ ವಾರ್ಡಿನ ಡಾಕ್ಟರದ್ದು. ಅವರು ಒಂದು ಕೇಸ್ ಹೇಳಿ, ತಮಗೆ ಏನು ಗೊತ್ತಾಗಲಿಲ್ಲ ಅನ್ನುವುದನ್ನು ಹೇಳಬೇಕು. ಪ್ರೋಟೀನಿನವರು ಅದಕ್ಕೆ ಉತ್ತರ ಕೊಡಬೇಕು, ಇಲ್ಲವೇ ಆಗುವುದಿಲ್ಲ ಅನ್ನಬೇಕು. ಆಮಂತ್ರಣದ ಪತ್ರದಲ್ಲೇ ಇದನ್ನು ಬರೆದೆ. ಇಬ್ಬರು ದೊಡ್ಡ ಸ್ಪೀಕರುಗಳು ಬರಲಿಲ್ಲ. ಬಂದವರು ಮಾತ್ರ ತಯಾರಾಗಿಯೇ ಬಂದರು.

ಕೇಸು ಹುಡುಕಲು ಮೂರು ವಾರ ವಾರ್ಡು ವಾರ್ಡು ಸುತ್ತಿದೆ. ಅಲ್ಲಿ ಗೊತ್ತಾಗಿದ್ದು, ಪ್ರೋಟಿಯೋಮಿಕ್ಸ್ ಅಂದರೆ ಹಿಂದೆ ಸರಿಯುವ ಡಾಕ್ಟರು ಪ್ರೋಟೀನನ್ನು ದಿನವೂ ಅಳೆಯುತ್ತಾರೆ. ಎದೆನೋವು ಅಂತ ಬಂದವರಿಗೆ ಮಾಡಿಸುವ ಟ್ರೋಪೋನಿನ್ ಟೆಸ್ಟ್ ಮತ್ತೇನು? ಟ್ರೋಪೋನಿನ್ ಹೃದಯದ ಸ್ನಾಯುವಿನ ಪ್ರೋಟೀನು. ಒಂದೊಂದನ್ನೇ ಅಳೆಯುವ ಬದಲು ಸಾವಿರಾರು ಪ್ರೋಟೀನುಗಳನ್ನು ಒಟ್ಟಿಗೆ ನೋಡುವುದು ನಮ್ಮ ಕೆಲಸ, ಅಷ್ಟೇ. ಹೀಗೆ ಹೇಳಿದ ಮೇಲೆ ಅವರು ಕುರ್ಚಿ ಎಳೆದುಕೊಂಡು ಕೂತರು.

ಡೀನ್ ಅವರನ್ನು ಒಪ್ಪಿಸಿದ್ದು ಬೇರೆ ದಾರಿಯಲ್ಲಿ. ಪ್ರೋಟಿಯೋಮ್, ಅಂದರೆ ಒಂದು ಜೀವಿಯ ಎಲ್ಲ ಪ್ರೋಟೀನುಗಳು, ಅನ್ನುವ ಪದ ಹುಟ್ಟಿದ್ದೇ ಒಂದು ಸಮ್ಮೇಳನದಲ್ಲಿ ಸರ್ ಅಂದೆ. 1994ರಲ್ಲಿ ಇಟಲಿಯ ಸಿಯೆನಾದಲ್ಲಿ ಮಾರ್ಕ್ ವಿಲ್ಕಿನ್ಸ್ ಎಂಬ ಆಸ್ಟ್ರೇಲಿಯಾದ ಸಂಶೋಧನಾ ವಿದ್ಯಾರ್ಥಿ ಅದನ್ನು ಮೊದಲು ಬಳಸಿದರು. ಮನುಷ್ಯನ ಪ್ರೋಟಿಯೋಮಿನ ಕರಡು ನಕ್ಷೆ 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಅದರಲ್ಲಿ 17,294 ಜೀನುಗಳ ಪ್ರೋಟೀನುಗಳಿದ್ದವು. ಆ ಕೆಲಸದ ಒಂದು ದೊಡ್ಡ ಪಾಲು ನಡೆದದ್ದು ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್‌ನಲ್ಲಿ. ಈ ಕೊನೆಯ ಮಾತಿಗೆ ಡೀನ್ ಪೆನ್ನು ತೆಗೆದರು.

ದಿನಾಂಕ ಫೆಬ್ರವರಿಗೆ ಇಟ್ಟೆವು. ಮಳೆಗಾಲದಲ್ಲಿ ನಮ್ಮ ಕಡೆ ಹಾವು ಕಡಿತದ ಕೇಸು ಜಾಸ್ತಿ, ಯಾವ ಡಾಕ್ಟರೂ ಕೈಗೆ ಸಿಗುವುದಿಲ್ಲ. ಡಾಕ್ಟರುಗಳ ಗೋಷ್ಠಿಯನ್ನು ಮಧ್ಯಾಹ್ನ ಮೂರರ ನಂತರ ಹಾಕಿದೆವು. ಓಪಿಡಿ ಮುಗಿಯದೆ ಅವರು ಬರುವುದಿಲ್ಲ, ಗೊಣಗಿ ಪ್ರಯೋಜನ ಇಲ್ಲ. ಸಮ್ಮೇಳನಗಳಲ್ಲಿ ಕೂತ ಡಾಕ್ಟರುಗಳಿಗೆ ಸಿಗುವ ಕರ್ನಾಟಕ ಮೆಡಿಕಲ್ ಕೌನ್ಸಿಲಿನ ಕ್ರೆಡಿಟ್ ಅವರ್ಸ್‌ಗೆ ಮೊದಲೇ ಅರ್ಜಿ ಹಾಕಿ. ಅದು ಇದ್ದರೆ ಸಭಾಂಗಣ ಅರ್ಧ ತುಂಬಿದ ಹಾಗೆಯೇ.

ಬ್ಯಾನರಿನ ಕಥೆ ಹೇಳಲೇಬೇಕು. ಹಿಂದಿನ ರಾತ್ರಿ ಬಂದ ದೊಡ್ಡ ಫ್ಲೆಕ್ಸಿನಲ್ಲಿ ‘ಪ್ರೋಟೀನ್ ಮಿಕ್ಸ್ ಸಮ್ಮೇಳನ’ ಅಂತ ಇತ್ತು. ಅಂಗಡಿಯವನದ್ದು ತಪ್ಪಲ್ಲ, ವಾಟ್ಸಾಪಿನಲ್ಲಿ ಮಾತಾಡಿ ಕಳಿಸಿದ್ದು ನಾವೇ. ಬೆಳಿಗ್ಗೆ ಜಿಮ್ ಹುಡುಗರಿಬ್ಬರು ಬಂದು ಸ್ಟಾಲ್ ಎಲ್ಲಿ ಅಂತ ಕೇಳಿದರು. ಬರೆದು ಕಳಿಸಿ, ಪ್ರೂಫ್ ನೋಡಿ.

ಮೊದಲ ಗೋಷ್ಠಿ ಸೋಂಕಿನದ್ದು. ರಕ್ತಕ್ಕೆ ನಂಜು ಏರಿದ ರೋಗಿಗೆ ಯಾವ ಬ್ಯಾಕ್ಟೀರಿಯಾ ಅಂತ ಬೇಗ ಗೊತ್ತಾಗಬೇಕು. ಇಲ್ಲಿ ಉತ್ತರ ಸಿದ್ಧವಾಗಿತ್ತು. ಮಾಲ್ಡಿ-ಟಾಫ್ ಯಂತ್ರ ಲ್ಯಾಬಿನ ಕಲ್ಚರಿನಲ್ಲಿ ಬೆಳೆಸಿದ ಬ್ಯಾಕ್ಟೀರಿಯಾದ ಒಂದು ಚುಕ್ಕಿ ಸಿಕ್ಕರೆ ಸಾಕು, ಅದರ ಪ್ರೋಟೀನುಗಳ ತೂಕ ನೋಡಿ ಕೆಲವೇ ನಿಮಿಷದಲ್ಲಿ ಹೆಸರು ಹೇಳುತ್ತದೆ. ಪ್ರೋಟೀನು ಒಡೆಯದ ಹಾಗೆ ಅದನ್ನು ಲೇಸರಿನಿಂದ ಹಾರಿಸಿ ತೂಗಿ ತೋರಿಸಿದ್ದಕ್ಕೆ ಜಪಾನಿನ ಕೊಯಿಚಿ ತನಾಕಾ ಅವರಿಗೆ 2002ರ ರಸಾಯನಶಾಸ್ತ್ರದ ನೊಬೆಲಿನಲ್ಲಿ ಪಾಲು ಸಿಕ್ಕಿತು. ಆದರೆ ಕಲ್ಚರ್ ಬೆಳೆಯುವ ತನಕ ಕಾಯಲೇಬೇಕು. ಸ್ಪೀಕರ್ ಅದನ್ನು ಮುಚ್ಚಿಡಲಿಲ್ಲ, ನನಗೆ ಹಿಡಿಸಿತು.

ಜನ ನಿಂತು ಕೇಳಿದ್ದು ಹಾವಿನ ಗೋಷ್ಠಿಯನ್ನು. ವಿಷ ಅಂದರೆ ಬಹುಪಾಲು ಪ್ರೋಟೀನುಗಳ ಮಿಶ್ರಣ. ನಮ್ಮ ದೇಶದ ವಿಷನಿರೋಧಕ ಔಷಧಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷದ ಮೇಲೆ ನಿಂತಿದೆ. ಆ ವಿಷದ ಬಹುಪಾಲು ಬರುವುದು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ. ಒಂದೇ ಜಾತಿಯ ಹಾವಾದರೂ ಊರಿಂದೂರಿಗೆ ವಿಷದ ಪ್ರೋಟೀನುಗಳು ಬೇರೆ ಬೇರೆ ಇರುತ್ತವೆ ಅಂತ ಪ್ರೋಟಿಯೋಮಿಕ್ಸ್ ತೋರಿಸಿದೆ. ಹಂಪ್-ನೋಸ್ಡ್ ಪಿಟ್ ವೈಪರ್ ಅಂತ ಪುಸ್ತಕದಲ್ಲಿರುವ ನಮ್ಮ ಘಟ್ಟದ ಗುಳಿಮಂಡಲ ಆ ನಾಲ್ಕರಲ್ಲಿ ಇಲ್ಲವೇ ಇಲ್ಲ. ಅದು ಕಡಿದರೆ ಈ ಔಷಧಿಯನ್ನು ನಂಬಿ ಕೂರುವ ಹಾಗಿಲ್ಲ. ಕ್ಯಾಂಟೀನಿನ ನಮ್ಮ ಹಿರಿಯ ಡಾಕ್ಟರು ಎದ್ದು, ಅಡಿಕೆ ತೋಟದಲ್ಲಿ ಕಡಿಸಿಕೊಂಡು ಬಂದ ಹೆಂಗಸೊಬ್ಬರ ಕೇಸ್ ಹೇಳಿದರು. ಔಷಧಿ ಕೊಟ್ಟರೂ ಕಿಡ್ನಿ ಕೈಕೊಟ್ಟಿತ್ತು. ಯಾವ ಹಾವು ಅಂತ ಕೊನೆಗೂ ಗೊತ್ತಾಗಲಿಲ್ಲ. ‘ರಕ್ತ ಇಟ್ಟಿದ್ದೀರಾ ಸರ್?’ ಅಂತ ಸ್ಪೀಕರ್ ಕೇಳಿದರು. ಇಟ್ಟಿರಲಿಲ್ಲ. ಇಟ್ಟಿದ್ದರೆ ಅದರಲ್ಲಿ ವಿಷದ ಪ್ರೋಟೀನು ಹುಡುಕಬಹುದಿತ್ತು, ಆದರೂ ಅದು ಔಷಧಿ ಕೊಡುವ ಮುಂಚೆಯೇ ತೆಗೆದದ್ದಾಗಿರಬೇಕಿತ್ತು.

ಇದಕ್ಕೇ ಎರಡನೇ ದಿನ ಲ್ಯಾಬ್ ಟೆಕ್ನಿಷಿಯನ್ನರಿಗೂ ನರ್ಸುಗಳಿಗೂ ಪುಕ್ಕಟೆ ಗೋಷ್ಠಿ ಇಟ್ಟಿದ್ದೆ. ಕಮಿಟಿಯಲ್ಲಿ ಕೆಲವರಿಗೆ ಅದು ಅಷ್ಟು ಇಷ್ಟವಾಗಿರಲಿಲ್ಲ. ನನ್ನ ಪ್ರಕಾರ ಇಡೀ ಸಮ್ಮೇಳನದಲ್ಲಿ ಕೆಲಸಕ್ಕೆ ಬಂದದ್ದು ಅದೇ. ನೇರಳೆ ಮುಚ್ಚಳದ ಟ್ಯೂಬಿಗೂ ಕೆಂಪು ಮುಚ್ಚಳದ ಟ್ಯೂಬಿಗೂ ಏನು ವ್ಯತ್ಯಾಸ, ರಕ್ತ ತೆಗೆದು ಎಷ್ಟು ಹೊತ್ತಿನೊಳಗೆ ಯಂತ್ರದಲ್ಲಿ ಜೋರಾಗಿ ತಿರುಗಿಸಿ ಬೇರ್ಪಡಿಸಬೇಕು, ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದರೆ ಏನು ಕೆಡುತ್ತದೆ, ಇಷ್ಟೇ ವಿಷಯ. ಇದು ಸಣ್ಣದಲ್ಲ. 2002ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ, ರಕ್ತದ ಪ್ರೋಟೀನುಗಳ ವಿನ್ಯಾಸ ನೋಡಿ ಅಂಡಾಶಯದ ಕ್ಯಾನ್ಸರನ್ನು ಹೆಚ್ಚುಕಡಿಮೆ ತಪ್ಪಿಲ್ಲದೆ ಹಿಡಿಯಬಹುದು ಅಂತ ಬಂದಿತ್ತು. ಭಾರಿ ಸದ್ದಾಯಿತು. ಆಮೇಲೆ ಬೇರೆಯವರು ಅದೇ ಗುಂಪಿನ ಡೇಟಾ ತೆಗೆದು ನೋಡಿದರು. ಯಂತ್ರ ಹಿಡಿದಿದ್ದರಲ್ಲಿ ಸ್ಯಾಂಪಲ್ ನಡೆಸಿದ ರೀತಿಯ ವ್ಯತ್ಯಾಸವೂ ಇರಬಹುದು ಅಂತ ಅನುಮಾನ ಬಂತು. ಈ ಕಥೆ ಕೇಳಿ ನಮ್ಮ ಟೆಕ್ನಿಷಿಯನ್ ಒಬ್ಬರು, ‘ಅಂದ್ರೆ ಮೇಡಂ, ನಾವು ಮಾಡಿದ ಎಡವಟ್ಟು ಅಷ್ಟು ದೂರ ಹೋಗುತ್ತಾ?’ ಅಂದರು. ಹೋಗುತ್ತದೆ.

ವರ್ಕ್‌ಶಾಪಿಗೆ ಯಂತ್ರ ಇಲ್ಲದ್ದು ಅಡ್ಡಿಯಾಗಲಿಲ್ಲ. ಪ್ರೈಡ್ ಎಂಬ ಸಾರ್ವಜನಿಕ ಭಂಡಾರದಲ್ಲಿ ಬೇರೆಯವರ ಡೇಟಾ ಪುಕ್ಕಟೆ ಸಿಗುತ್ತದೆ. ಆ ಡೇಟಾದಲ್ಲಿ ಯಾವ ಪ್ರೋಟೀನುಗಳಿವೆ ಅಂತ ಹುಡುಕುವ ಮ್ಯಾಕ್ಸ್‌ಕ್ವಾಂಟ್ ಸಾಫ್ಟ್‌ವೇರೂ ಪುಕ್ಕಟೆ. ಆದರೆ ಫೈಲುಗಳು ಸಿಕ್ಕಾಪಟ್ಟೆ ದೊಡ್ಡವು. ನಮ್ಮ ಕಂಪ್ಯೂಟರುಗಳಲ್ಲಿ ಹುಡುಕಾಟ ಮುಗಿಯಲು ಇಡೀ ರಾತ್ರಿ ಬೇಕು. ಹಾಗಾಗಿ ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿ, ಫಲಿತಾಂಶ ಮೊದಲೇ ಮಾಡಿಟ್ಟುಕೊಂಡೆ. ಟಿವಿ ಅಡುಗೆ ಕಾರ್ಯಕ್ರಮದಲ್ಲಿ ಒಲೆ ಮೇಲಿಟ್ಟ ಕೂಡಲೇ ಬೆಂದದ್ದು ಹೊರಬರುತ್ತದಲ್ಲ, ಹಾಗೆ. ಪಟ್ಟಿಯ ಮೇಲ್ಗಡೆ ಕೆರಾಟಿನ್ ಕಂಡು ಪಿಜಿ ಹುಡುಗಿಯೊಬ್ಬಳು, ಇದು ರೋಗದ ಗುರುತಾ ಅಂತ ಕೇಳಿದಳು. ಅದು ಸ್ಯಾಂಪಲ್ ಮುಟ್ಟಿದವರ ಚರ್ಮದ್ದು, ಕೂದಲಿನದ್ದು. ಗ್ಲೌಸ್ ಯಾಕೆ ಅಂತ ಅವಳಿಗೆ ಇನ್ನು ಹೇಳಿಕೊಡಬೇಕಾಗಿಲ್ಲ.

ದುಡ್ಡಿನ ವಿಷಯ ಚಿಕ್ಕದಾಗಿ. ಅನುದಾನ ಮಂಜೂರಾದ ಪತ್ರ ಬಂದರೂ ಹಣ ಬರುವುದು ನಿಧಾನ. ಊಟದವರಿಗೆ ಅದೇ ಸಂಜೆ ಕೊಡಬೇಕು. ರಿಜಿಸ್ಟ್ರೇಷನ್ ಹಣವನ್ನು ಊಟಕ್ಕೆ ಅಂತಲೇ ಎತ್ತಿಡಿ. ಸ್ಪೀಕರ್ ಬಸ್ಸು ಇಳಿಯುವಾಗಲೇ ಟಿಕೆಟ್ ಕೇಳಿ ಇಸಿದುಕೊಳ್ಳಿ, ನಾಚಿಕೆ ಬೇಡ. ಒಂದು ಟಿಕೆಟ್ಟಿಗಾಗಿ ನಾನು ಯುಸಿ, ಅಂದರೆ ಅನುದಾನ ಖರ್ಚಾದ ಲೆಕ್ಕದ ಪ್ರಮಾಣಪತ್ರ, ಕಳಿಸುವುದು ಎರಡು ತಿಂಗಳು ತಡವಾಯಿತು.

ನೋಡುನೋಡುತ್ತ ಮಳೆಗಾಲ ಬಂತು. ಅಷ್ಟರಲ್ಲಿ ಎಥಿಕ್ಸ್ ಕಮಿಟಿಯ ಒಪ್ಪಿಗೆ ಸಿಕ್ಕಿತ್ತು. ಕ್ಯಾಶುವಾಲ್ಟಿಯಲ್ಲಿ ಹಾವು ಕಡಿತಕ್ಕೆ ಹೇಗೂ ಗಾಜಿನ ಟ್ಯೂಬಿನಲ್ಲಿ ರಕ್ತ ಹಾಕಿ, ಹೆಪ್ಪುಗಟ್ಟುತ್ತದಾ ಅಂತ ಇಪ್ಪತ್ತು ನಿಮಿಷ ಕಾಯುತ್ತಾರೆ. ರೋಗಿ ಕಡೆಯವರು ಒಪ್ಪಿದರೆ, ಅದೇ ಸೂಜಿಯಲ್ಲಿ ಇನ್ನೊಂದು ಟ್ಯೂಬ್ ನಮಗೆ. ಜುಲೈಯಲ್ಲಿ ಒಂದು ರಾತ್ರಿ ಹನ್ನೊಂದೂವರೆಗೆ ಆ ಟೆಕ್ನಿಷಿಯನ್ ಫೋನ್ ಮಾಡಿದರು. ‘ಮೇಡಂ, ಔಷಧಿ ಕೊಡೋ ಮುಂಚೆನೇ ತೆಗೆದಿದ್ದೀನಿ. ತಿರುಗಿಸಿ ಫ್ರೀಜರಿಗೆ ಇಟ್ಟಾಯ್ತು. ಟೈಮೂ ಬರೆದಿದ್ದೀನಿ.’