'ನೀರಿನ' ಹಳೆಯ ಬೇರು ಹುಡುಕಿದ್ದು ಹೀಗೆ

ಮೊದಲು ಎಕ್ಸೆಲ್‌ನಲ್ಲಿ ಒಂದು ಪಟ್ಟಿ ಹಾಕಿದೆ. ಇಂಡೋ-ಯುರೋಪಿಯನ್ (ಸಂಸ್ಕೃತ, ಗ್ರೀಕ್, ಇಂಗ್ಲಿಷ್ ಎಲ್ಲ ಸೇರಿದ ಭಾಷಾ ಕುಟುಂಬ) ಬೇರು ಹುಡುಕುವಾಗ ನಮ್ಮ 'ನೀರು' ಲೆಕ್ಕಕ್ಕಿಲ್ಲ, ಅದು ದ್ರಾವಿಡ. ಸಂಸ್ಕೃತದ 'ನೀರ'ವೂ ದ್ರಾವಿಡದಿಂದಲೇ ಹೋಗಿದ್ದು ಅಂತ ಅನೇಕರ ಅಭಿಪ್ರಾಯ. ಅದನ್ನೂ ತೆಗೆದೆ. ಉಳಿದದ್ದು ಸಂಸ್ಕೃತದ ಉದನ್, ಗ್ರೀಕಿನ ಹುದೋರ್, ಇಂಗ್ಲಿಷಿನ ಹಳೆಯ ಬಂಧು ಗಾಥಿಕ್‌ನ ವತೋ, ಇಂಗ್ಲಿಷಿನ ವಾಟರ್, ರಷ್ಯನ್ನಿನ ವದಾ, ಮೂರು ಸಾವಿರ ವರ್ಷಕ್ಕೂ ಹಿಂದೆ ಈಗಿನ ಟರ್ಕಿಯಲ್ಲಿದ್ದ ಹಿಟ್ಟೈಟ್ ಭಾಷೆಯ ವಾತರ್.

'ದ' ಇರುವ ಕಡೆ ಇಂಗ್ಲಿಷಿನಲ್ಲಿ 'ಟ' ಬರುವುದು ಹಳೇ ನಿಯಮ. ದಶ-ಟೆನ್, ದ್ವಿ-ಟೂ ಇದ್ದ ಹಾಗೆ.

ತಲೆ ತಿಂದದ್ದು ಪದದ ಕೊನೆ. ಕೆಲವಕ್ಕೆ ರ್, ಕೆಲವಕ್ಕೆ ನ್. ಉತ್ತರ ಹಿಟ್ಟೈಟಿನಲ್ಲಿದೆ: 'ನೀರು' ವಾತರ್, 'ನೀರಿನ' ವಿತೇನಸ್. ವಿಭಕ್ತಿ ಬದಲಾದರೆ ರ್ ಹೋಗಿ ನ್ ಬರುತ್ತದೆ. (ಚೆಕ್ ವಿದ್ವಾಂಸ ಹ್ರೊಜ್ನಿ 1915ರಲ್ಲಿ ಈ ಭಾಷೆಯ ಗುಟ್ಟು ಬಿಡಿಸಿದಾಗ ಕೈಹಿಡಿದ ಪದಗಳಲ್ಲಿ ಈ ವಾತರ್ ಕೂಡ ಒಂದು.) ಪದವನ್ನು ಎರವಲು ತರಬಹುದು, ಇಂಥ ಅಡ್ಡಾದಿಡ್ಡಿ ವಿಭಕ್ತಿಯನ್ನು ಯಾರೂ ತರುವುದಿಲ್ಲ. ಹಾಗಾಗಿ ಮೂಲದಲ್ಲಿ ಎರಡೂ ಇದ್ದವು. ಇಂಗ್ಲಿಷ್ ರ್ ಉಳಿಸಿಕೊಂಡಿತು, ಸಂಸ್ಕೃತ ನ್ ಉಳಿಸಿಕೊಂಡಿತು.

ಇನ್ನು ಮೊದಲ ಅಕ್ಷರ. ಒಂದು ಕಡೆ ವ, ಇನ್ನೊಂದು ಕಡೆ ಉ. ಇದು ನಮಗೆ ಹೊಸದಲ್ಲ. ವಾಕ್ಯ, ಉಕ್ತಿ ಎರಡೂ ಒಂದೇ ಧಾತುವಿನಿಂದ ಬಂದವು ಅಲ್ವಾ? ಕೊನೆಗೆ ಬರೆದೆ: *ವೊದೃ, ಬೇರೆ ವಿಭಕ್ತಿಗಳಲ್ಲಿ *ಉದೆನ್-. ನಕ್ಷತ್ರ ಹಾಕಿದ್ದು ಯಾವ ಬರಹದಲ್ಲೂ ಸಿಗದ, ಊಹಿಸಿದ ರೂಪ ಅಂತ ತೋರಿಸಲು. ಋ ಇರುವುದರಿಂದ ಈ ಕೆಲಸಕ್ಕೆ ನಮ್ಮ ಲಿಪಿ ರೋಮನ್‌ಗಿಂತ ಅನುಕೂಲ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ನೀರಿನ ಅರ್ಥದ್ದೇ ಎರಡನೇ ಬೇರು, ಸಂಸ್ಕೃತದ ಅಪ್. ಪಂಜಾಬಿನ 'ಆಬ್' ಇದೇ. ದ್ವಿ, ಅಪ್ ಸೇರಿದರೆ ಸಂಧಿಯ ಪ್ರಕಾರ 'ದ್ವ್ಯಪ' ಆಗಬೇಕು. ಆದರೆ ನಾವು ಹೇಳುವುದು ದ್ವೀಪ. ಆ 'ಈ' ಎಲ್ಲಿಂದ ಬಂತು? ಪಾಣಿನಿ ಇದಕ್ಕೇ ಒಂದು ಸೂತ್ರ ಮಾಡಿಟ್ಟಿದ್ದಾನೆ, ಕಾರಣ ಹೇಳಿಲ್ಲ. ಹಿಟ್ಟೈಟಿನಲ್ಲಿ ಹೊಳೆಗೆ 'ಹಪ' ಅನ್ನುತ್ತಿದ್ದರು. ಮೊದಲಿಗೆ ಗಂಟಲಿನ ಒಂದು ವ್ಯಂಜನ. ಸಂಸ್ಕೃತದಲ್ಲಿ ಅದು ಬಿದ್ದುಹೋಗಿ ಹಿಂದಿನ 'ಇ'ಯನ್ನು ಎಳೆದು 'ಈ' ಮಾಡಿತು. ಸ್ವಿಸ್ ಭಾಷಾವಿಜ್ಞಾನಿ ಸೊಸ್ಯೂರ್ ಇಂಥ ಧ್ವನಿ ಇದ್ದಿರಬೇಕು ಅಂತ ಲೆಕ್ಕ ಹಾಕಿದ್ದು 1879ರಲ್ಲಿ, ಹಿಟ್ಟೈಟನ್ನು ಓದಲು ಯಾರಿಗೂ ಬಾರದಿದ್ದ ಕಾಲದಲ್ಲಿ.

ಲ್ಯಾಟಿನ್ನಿನ 'ಆಕ್ವಾ'ವನ್ನೂ ಇದರ ಜೊತೆ ಸೇರಿಸುವವರಿದ್ದಾರೆ. ಪ ಮತ್ತು ಕ್ವ ಹೊಂದುವುದಿಲ್ಲ. ಅರ್ಥ ಒಂದೇ ಅಂತ ಸುಮ್ನೆ ಸೇರಿಸಲು ನನಗೆ ಮನಸ್ಸಿಲ್ಲ, ಬೇರೆ ಕಾಲಮ್ಮಿನಲ್ಲಿ ಇಟ್ಟಿದ್ದೇನೆ.