ಎಲೆಕ್ಟ್ರಾನ್ ಒಳಗೆ ಇನ್ನೊಂದು ಬ್ರಹ್ಮಾಂಡ: ನಿಮ್ಮ ಮಾಡೆಲ್ ನಿಲ್ಲುತ್ತಾ ಅಂತ ಚೆಕ್ ಮಾಡೋದು ಹೇಗೆ

ಪರಮಾಣು ಅಂದ್ರೆ ಪುಟ್ಟ ಸೌರಮಂಡಲ, ನಮ್ಮ ಬ್ರಹ್ಮಾಂಡನೂ ಯಾವ್ದೋ ದೊಡ್ಡ ಲೋಕದ ಒಂದು ಕಣ, ಈ ಐಡಿಯಾ ಸುಮಾರು ಜನಕ್ಕೆ ಒಂದಲ್ಲ ಒಂದು ರಾತ್ರಿ ಹೊಳೆದಿರತ್ತೆ. ನಂಗೂ ಹೊಳೆದಿತ್ತು, ಒಂದು ನೋಟ್‌ಬುಕ್ ಪೂರ್ತಿ ಬರೀ ಚಿತ್ರಗಳೇ. ಐಡಿಯಾ ಬಿಟ್ಬಿಡಿ ಅಂತಿಲ್ಲ, ಚಿತ್ರ ಆಮೇಲೆ ಬಿಡಿಸಿ, ಮೊದ್ಲು ಲೆಕ್ಕ ಹಾಕಿ ಅಷ್ಟೇ.

ಸೌರಮಂಡಲದ ಹೋಲಿಕೆನ ಮೊದ್ಲೇ ಪಕ್ಕಕ್ಕಿಡಿ. ಗ್ರಹದ ಥರ ಸುತ್ತೋ ಎಲೆಕ್ಟ್ರಾನ್ ಬೆಳಕು ಸೂಸ್ತಾ ಶಕ್ತಿ ಕಳ್ಕೊಂಡು ಸುಮಾರು 10⁻¹¹ ಸೆಕೆಂಡಲ್ಲಿ ನ್ಯೂಕ್ಲಿಯಸ್‌ಗೆ ಬಿದ್ದೋಗ್ಬೇಕು, ಬೀಳಲ್ಲ. ಅಲ್ಲಿಗೆ ಮುಗೀತು.

ಆಮೇಲೆ ತೂಕ. ಎಲೆಕ್ಟ್ರಾನ್ ತೂಗೋದು 9.1×10⁻³¹ ಕೆಜಿ, ಅದ್ರೊಳಗೆ ಗೆಲಾಕ್ಸಿಗಳು ಹೆಂಗೆ ಹಿಡಿಸ್ತವೆ ಅಂತ ಎಲ್ರೂ ಇಲ್ಲೇ ನಗ್ತಾರೆ, ಆದ್ರೆ ಇದಕ್ಕೆ ನಿಜವಾಗ್ಲೂ ಒಂದು ಉತ್ತರ ಇದೆ. ತೂಕ ಅಂದ್ರೂ ಶಕ್ತಿನೇ. ಗುರುತ್ವದ ಶಕ್ತಿ ಮೈನಸ್ಸು, ದ್ರವ್ಯದ್ದು ಪ್ಲಸ್ಸು, ತನ್ನ ಮೇಲೇ ಬಾಗಿ ಪೂರ್ತಿ ಮುಚ್ಕೊಂಡಿರೋ ಬ್ರಹ್ಮಾಂಡದಲ್ಲಿ ಎರಡೂ ವಜಾ ಆಗಿ ಸೊನ್ನೆ. ಕೂದಲೆಳೆಯಷ್ಟು ಮುಚ್ಚದೆ ಉಳಿದ್ರೆ ಹೊರಗಿಂದ ನೋಡೋರಿಗೆ ಅದು ಒಂದು ಕಣದಷ್ಟೇ ಹಗುರ. ಸೋವಿಯತ್ ಭೌತವಿಜ್ಞಾನಿ ಮಾರ್ಕೊವ್ ಇಂಥ ಕಣಕ್ಕೆ ಫ್ರೀಡ್‌ಮಾನ್ ಅಂತ ಹೆಸರೂ ಇಟ್ಟಿದ್ರು. ನಿಮ್ಮ ಮಾಡೆಲ್‌ಗೆ ಸ್ವಲ್ಪ ಗಟ್ಟಿ ನೆಲ ಬೇಕಂದ್ರೆ ಇಲ್ಲಿಂದ ಶುರು ಮಾಡಿ.

ಈಗ ನಿಜವಾದ ಪರೀಕ್ಷೆ, ನನ್ನ ನೋಟ್‌ಬುಕ್ ಮಣ್ಣು ಮುಕ್ಕಿದ್ದು ಇಲ್ಲೇ. ಎಲ್ಲಾ ಎಲೆಕ್ಟ್ರಾನೂ ಒಂದೇ, ಅಚ್ಚೊತ್ತಿದಂಗೆ ಅನ್ನೋದೂ ಕಮ್ಮಿನೇ. ಹೀಲಿಯಂನಲ್ಲಿ ಕೆಳಗಿನ ಶಕ್ತಿ ಮಟ್ಟದಲ್ಲಿ ಎರಡು ಎಲೆಕ್ಟ್ರಾನ್ ಕೂತ್ರೆ ಮುಗೀತು, ಲಿಥಿಯಂನ ಮೂರನೇದು ಮೇಲಕ್ಕೆ ಹೋಗ್ಲೇಬೇಕು, 1925ರಲ್ಲಿ ಭೌತವಿಜ್ಞಾನಿ ಪೌಲಿ ಹೇಳಿದ ನಿಯಮ ಇದು, ಪೂರ್ತಿ ಒಂದೇ ಥರದ ಕಣಗಳ ಮಧ್ಯೆ ಮಾತ್ರ ನಡೆಯತ್ತೆ. ಒಂದೊಂದರ ಒಳಗೂ ಬೇರೆ ಬೇರೆ ಬ್ರಹ್ಮಾಂಡ ಇದ್ದಿದ್ರೆ ಅವನ್ನ ಬೇರೆ ಬೇರೆ ಅಂತ ಗುರುತಿಸ್ಬೋದಿತ್ತು, ಆಗ ಮೂರನೇದನ್ನ ತಡೆಯೋರೇ ಇಲ್ಲ, ರಸಾಯನಶಾಸ್ತ್ರನೇ ಇರ್ತಿರ್ಲಿಲ್ಲ. ಇನ್ನೊಂದು ವಿಷ್ಯ, ಬ್ರಹ್ಮಾಂಡ ಅಂದ್ಮೇಲೆ ಅದಕ್ಕೆ ವಯಸ್ಸಾಗತ್ತೆ, ನಕ್ಷತ್ರ ಉರಿದು ಆರತ್ತೆ, ಆದ್ರೆ ಇವತ್ತು ಆಕ್ಸಲರೇಟರ್‌ನಲ್ಲಿ ಹುಟ್ಟಿದ ಎಲೆಕ್ಟ್ರಾನಿಗೂ ಬಿಗ್ ಬ್ಯಾಂಗ್ ಕಾಲದ್ದಕ್ಕೂ ಒಂದು ಚೂರೂ ವ್ಯತ್ಯಾಸ ಕಾಣಲ್ಲ. ಒಳಗಿನ ಕಾಲ ಯಾಕೆ ಹೊರಗೆ ಸೋರಲ್ಲ ಅಂತ ನಿಮ್ಮ ಮಾಡೆಲ್ ಹೇಳ್ಬೇಕು, ಫ್ರೀಡ್‌ಮಾನ್‌ಗಳೆಲ್ಲಾ ಒಂದೇ ತೂಕ ಒಂದೇ ಚಾರ್ಜ್ ಯಾಕೆ ಅಂತನೂ.

ಮೇಲ್ಮುಖವಾಗಿ ಹೋಗೋರು, ಅಂದ್ರೆ ನಾವೇ ಯಾವ್ದೋ ಬ್ಲ್ಯಾಕ್ ಹೋಲ್ ಒಳಗಿದೀವಿ ಅನ್ನೋರು, ಒಂದು ಬಲೆ ನೋಡ್ಕೊಳ್ಳಿ. ಹಬಲ್ ತ್ರಿಜ್ಯದೊಳಗಿನ (ಬ್ರಹ್ಮಾಂಡ ಹಿಗ್ತಾ ಗೆಲಾಕ್ಸಿಗಳು ಬೆಳಕಿನ ವೇಗದಲ್ಲಿ ದೂರ ಹೋಗೋ ಅಂತರ ಅದು) ಸುಮಾರು 9×10⁵² ಕೆಜಿನ, ಇಷ್ಟು ತೂಕದ ಬ್ಲ್ಯಾಕ್ ಹೋಲ್ ಎಷ್ಟು ದೊಡ್ಡದು ಅಂತ ಹೇಳೋ ಶ್ವಾರ್ಟ್ಸ್‌ಚೈಲ್ಡ್ ಸೂತ್ರಕ್ಕೆ ಹಾಕಿದ್ರೆ ಸುಮಾರು 1400 ಕೋಟಿ ಜ್ಯೋತಿರ್ವರ್ಷ ಬರತ್ತೆ, ಅದೇ ಹಬಲ್ ತ್ರಿಜ್ಯ! 1972ರಲ್ಲೇ ಭೌತವಿಜ್ಞಾನಿ ಪತ್ರಿಯಾ ಬ್ರಹ್ಮಾಂಡನ ಬ್ಲ್ಯಾಕ್ ಹೋಲ್ ಅಂತ ನೋಡೋ ಬಗ್ಗೆ ನೇಚರ್ ಪತ್ರಿಕೆಲಿ ಬರೆದಿದ್ರು. ಆದ್ರೆ ಚಪ್ಪಟೆ, ಅಂದ್ರೆ ಒಟ್ಟಾರೆ ಬಾಗದ ಬ್ರಹ್ಮಾಂಡದ ಸಮೀಕರಣದಲ್ಲಿ ಎರಡೂ ತಾನಾಗೇ ಒಂದೇ ಬರತ್ತೆ, ಹಾಗಾಗಿ ಈ ಹೊಂದಾಣಿಕೆನೇ ಪುರಾವೆ ಅಂತ ಹಿಡ್ಕೋಬೇಡಿ.

ಇಷ್ಟೆಲ್ಲಾ ದಾಟಿದ್ರೆ ಒಂದು ಅಂಕಿ ಬರೀರಿ. ಎಲೆಕ್ಟ್ರಾನಿನ ಕಾಂತೀಯ ಮೊಮೆಂಟಿನ (ಅದು ಎಷ್ಟು ಬಲದ ಪುಟ್ಟ ಅಯಸ್ಕಾಂತ ಅನ್ನೋದ್ರ) ವಿಷ್ಯದಲ್ಲಿ ಥಿಯರಿ, ಪ್ರಯೋಗ ಎರಡೂ ಸುಮಾರು ಹನ್ನೆರಡು ಅಂಕಿವರೆಗೆ ಒಂದೇ ಹೇಳ್ತವೆ, ನಿಮ್ಮ ಒಳಗಿನ ಬ್ರಹ್ಮಾಂಡ ಅದನ್ನ ಎಷ್ಟನೇ ಅಂಕಿಲಿ ಅಲ್ಲಾಡ್ಸತ್ತೆ?